ಬಿಳಿ ಬಿಟ್ಟ ಜಾಗ

ಪ್ಯಾರಿಸ್, 9 ಮಾರ್ಚ್ 1914, ಸೋಮವಾರ

ಬೆಳಿಗ್ಗೆಯಿಂದ ಬರೀ ಗುಲಾಬಿ. ಕೊರೆದ ತಗಡನ್ನು ಹಾಳೆಯ ಮೇಲಿಡು, ಗುಂಡು ಬ್ರಷ್‌ನಲ್ಲಿ ಬಣ್ಣ ತಟ್ಟು, ತಗಡು ಎತ್ತು, ಮುಂದಿನ ಹಾಳೆ. ಚಿತ್ರದ ಮುನ್ನೂರು ಹೆಂಗಸರಿಗೆ ಮುನ್ನೂರು ಲಂಗ. ಕತ್ತು ಬಿದ್ದುಹೋಗಿದೆ.

ಮಧ್ಯಾಹ್ನ ಎಡವಟ್ಟು. ಫ್ಯಾಷನ್ ಪತ್ರಿಕೆಗೆ ಮೊಸ್ಯೂ ಲೂರ್ಮೆಲ್ ಬರೆದ ಚಿತ್ರ. ಒಂದು ಹಾಳೆಗೆ ಕಲಾವಿದರೇ ಬಣ್ಣ ಹಾಕಿ ಕಳಿಸುತ್ತಾರೆ, ಮಿಕ್ಕವನ್ನು ನಾವು ಹಾಗೇ ಮಾಡಬೇಕು. ಅವರ ಹಾಳೆಯಲ್ಲಿ ಕೈಗವಸು ಬೂದು. ನನ್ನ ಹಾಳು ಬ್ರಷ್ ನಿಂಬೆಹಳದಿಗೆ ಅದ್ದಿಕೊಂಡಿದೆ... ನಲವತ್ತು ಹಾಳೆ ಮುಗಿದ ಮೇಲೆ ಕಂಡಿತು. ಒಡತಿ ಮದಾಮ್ ಗಿಯೋ ಬೈಯಲಿಲ್ಲ. ನಾಳೆ ಲೂರ್ಮೆಲ್ ಅವರೇ ಬರುತ್ತಾರೆ, ಒದೀಲ್, ನೀನೇ ತೋರಿಸು ಎಂದರು. ಬೈದಿದ್ದರೇ ಚೆನ್ನಾಗಿತ್ತು.

10 ಮಾರ್ಚ್

ಬಂದರು. ಎರಡು ವರ್ಷದಿಂದ ಅವರ ಹೆಂಗಸರಿಗೆ ಬಟ್ಟೆ ತೊಡಿಸುತ್ತಿದ್ದೇನೆ, ಮುಖ ನೋಡಿದ್ದು ಇವತ್ತು. ಕಿವಿ ಸ್ವಲ್ಪ ದೊಡ್ಡದು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾರು ಹಾಕಿದ್ದು ಎಂದು ಕೇಳಿದರು. ನಾನು, ಎಂದೆ.

"ನಾನು ಹಾಕಿದ್ದಕ್ಕಿಂತ ಇದೇ ಚೆನ್ನಾಗಿದೆ, ಮದ್ಮಜೆಲ್. ಎಲ್ಲಾದಕ್ಕೂ ಇದನ್ನೇ ಹಾಕ್ಬಿಡಿ."

ಅಷ್ಟೇ. ಟೊಪ್ಪಿ ಇಟ್ಟುಕೊಂಡು ಹೊರಟುಹೋದರು.

21 ಏಪ್ರಿಲ್

ಅವರ ಹೊಸ ಹಾಳೆ. ಎಲ್ಲಕ್ಕೂ ಬಣ್ಣ ಹಾಕಿದ್ದಾರೆ, ಒಂದು ಚಪ್ಪಲಿ ಮಾತ್ರ ಬಿಳಿ. ಇವರಿಗೆ ಈಗೀಗ ಮರೆವು ಜಾಸ್ತಿ ಎಂದು ಮದಾಮ್ ಗೊಣಗಿದರು. ಹಾಳೆ ಹಿಂದೆ ತಿರುಗಿಸಿದೆ. ಪೆನ್ಸಿಲ್‌ನಲ್ಲಿ, ಸಣ್ಣಗೆ: ಇದು ನಿಮಗೆ ಬಿಟ್ಟಿದ್ದು.

ಚೆರ್ರಿಕೆಂಪು ಹಾಕಿದೆ.

16 ಜೂನ್

ಮುಂದಿನ ಚಿತ್ರದ ಹೆಂಗಸಿನ ಕೈಯಲ್ಲಿ ಒಂದು ಬುಟ್ಟಿ ಚೆರ್ರಿ! ಅವಳ ಛತ್ರಿ ಬಿಳಿ. ಪಾಚಿಹಸಿರು ಹಾಕಿದೆ. ಇವತ್ತು ಬಂದ ಚಿತ್ರದವಳು ಕೊಳದ ಪಕ್ಕ ಕೂತಿದ್ದಾಳೆ, ಟೊಪ್ಪಿಯ ಗರಿ ಬಿಳಿ.

ತಗಡು ಕೊರೆಯುವ ಹರ್ಮೀನ್‌ಗೆ ಎಲ್ಲ ಗೊತ್ತು. ಬಿಟ್ಟ ಜಾಗಕ್ಕೆ ಬೇರೆ ತಗಡು ಅವಳೇ ಕೊರೆಯಬೇಕಲ್ಲ.

"ಇಬ್ರಿಗೂ ಬಾಯಿಲ್ವೇನೇ, ಒದೀಲ್? ಹಿಂಗೇ ಗರಿ, ಚಪ್ಪಲಿ ಅಂತಿದ್ರೆ ಮದ್ವೆ ಹೊತ್ತಿಗೆ ಅಜ್ಜಿ ಆಗಿರ್ತೀಯ."

ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಅವರು ಒಂದು ಸಲ ಬರಲಿ. ಸುಮ್ಮನೆ ಬಾಗಿಲಲ್ಲಿ ನಿಂತರೂ ಸಾಕು.

3 ಆಗಸ್ಟ್

ಯುದ್ಧ. ಗೋಡೆಗೋಡೆಗೂ ಸೇನೆಯ ಕರೆ. ಪತ್ರಿಕೆ ನಿಂತಿತು, ಮದಾಮ್ ಕೆಲಸದ ಮನೆಗೆ ಬೀಗ ಹಾಕಿದರು. ಶನಿವಾರವೇ ಲೂರ್ಮೆಲ್ ಅವರ ಕೊನೆಯ ಹಾಳೆ ಬಂದಿತ್ತು. ಬೆನ್ನು ತಿರುಗಿಸಿ ನಿಂತ ಹೆಂಗಸು. ಕೋಟು ಪೂರ್ತಿ ಬಿಳಿ. ಹಿಂದೆ: ಈ ಸಲ ಕೋಟೇ ನಿಮ್ಮದು. ನಾಳೆ ಒಂಬತ್ತಕ್ಕೆ ನನ್ನ ರೈಲು.

ನಿನ್ನೆ ಸ್ಟೇಷನ್ನಿಗೆ ಹೋಗಬಹುದಿತ್ತು. ಟೊಪ್ಪಿಗೆ ಪಿನ್ ಚುಚ್ಚಿಕೊಂಡಿದ್ದೆ ಕೂಡ. ಏನಂತ ಹೋಗುವುದು, ಯಾರೆಂದು ನಿಲ್ಲುವುದು ಎಂದು ಯೋಚಿಸುತ್ತಾ ಕೂತೆ. ಒಂಬತ್ತು ಹೊಡೆಯಿತು. ನನ್ನಂಥ ಪೆದ್ದಿ ಇಲ್ಲ.

ಹಾಳೆ ನನ್ನ ಹತ್ತಿರವೇ ಇದೆ.

27 ಸೆಪ್ಟೆಂಬರ್, ಭಾನುವಾರ

ಮದಾಮ್ ಗಿಯೋ ನಾಲ್ಕು ಮಹಡಿ ಹತ್ತಿ ಬಂದು ಒಂದು ಕಾರ್ಡು ಕೊಟ್ಟರು. ಓದಿದ್ದಾರೆ, ಓದಿಲ್ಲದವರಂತೆ ಕಿಟಕಿ ನೋಡುತ್ತಾ ನಿಂತರು. ಲೂರ್ಮೆಲ್ ಅವರದೇ ಅಕ್ಷರ. ಕೋಟಿಗೆ ಯಾವ ಬಣ್ಣ ಹಾಕಿದಿರಿ? ಇಲ್ಲಿ ಎಲ್ಲಾ ಕೆಸರಿನ ಬಣ್ಣ.

ಹಾಕಿಯೇ ಇಲ್ಲ. ಹಾಕಿದರೆ ಮುಗಿದುಹೋಗುತ್ತದಲ್ಲ ಎಂದು ಹಾಗೇ ಇಟ್ಟಿದ್ದೆ. ಇವತ್ತು ಬಣ್ಣ ಕಲಸಿ ಕೂತೆ. ನಿಂಬೆಹಳದಿ, ಇನ್ಯಾವುದು? ಉತ್ತರದ ಕಾಗದದಲ್ಲಿ ಅದನ್ನು ಬರೆಯಲು ಹೋದರೆ ಮಾತು ಸಾಲಲಿಲ್ಲ. ಬ್ರಷ್ ಅದ್ದಿ ಕಾಗದದ ಮೇಲೇ ಒಂದು ಸಲ ತಟ್ಟಿದೆ. ಕೆಳಗೆ ಬರೆದೆ: ಇದು. ಬೇಗ ಬನ್ನಿ.

ಬೇಗ ಬನ್ನಿ ಎಂದು ಬರೆದೇಬಿಟ್ಟೆ.

2 ಡಿಸೆಂಬರ್

ಅವರಿಗೆ ಬರೆದ ಕಾಗದ ವಾಪಸ್ ಬಂದಿದೆ. ಮೇಲೆ ನೇರಳೆ ಮುದ್ರೆ: ತಲುಪಿಸಲಾಗಲಿಲ್ಲ.

ಹರ್ಮೀನ್‌ಗೆ ತೋರಿಸಿದೆ. ಅಕ್ಟೋಬರಿನಲ್ಲಿ ಅವಳು ಅಣ್ಣನಿಗೆ ಬರೆದ ಕಾಗದವೂ ಹೀಗೇ ಬಂದಿತ್ತು, ಆಮೇಲೆ ಸುದ್ದಿ ಬಂತು. ಅವಳು ಬೆನ್ನ ಮೇಲೆ ಕೈ ಇಟ್ಟಳು. ನನಗಿನ್ನೂ ಸುದ್ದಿ ಬಂದಿಲ್ಲ. ನನಗೆ ಯಾರು ತಿಳಿಸುತ್ತಾರೆ? ನಾನು ಅವರಿಗೆ ಏನೂ ಅಲ್ಲ.

ಹಳದಿ ಒಂಚೂರೂ ಮಾಸಿಲ್ಲ.

3 ಡಿಸೆಂಬರ್, ಊಟದ ಹೊತ್ತು

ನಾಲ್ಕು ತಿಂಗಳ ಮೇಲೆ ಕೆಲಸ. ಬಟ್ಟೆ ಅಂಗಡಿಯೊಂದರ ಕ್ಯಾಟಲಾಗ್. ಸೂತಕದ ಉಡುಪು, ಆರು ಹೆಂಗಸರು, ಆರೂ ಜನಕ್ಕೆ ಕಪ್ಪು. ಬರೆದವರು ಯಾರೋ. ಕೊನೆಯವಳ ಕೈಗವಸು ಬಿಳಿ ಬಿಟ್ಟಿದ್ದಾರೆ. ಇವರದು ನಿಜವಾದ ಮರೆವು. ಏನು ಮಾಡಲಿ ಎಂದು ಕೇಳಿದೆ.

"ಕಪ್ಪು ಹಾಕು. ಅದರಲ್ಲಿ ಕೇಳೋದೇನಿದೆ?" ಎಂದರು ಮದಾಮ್.

ಹರ್ಮೀನ್ ನನ್ನ ಮುಖ ನೋಡಿದಳು. ಕೇಳದೆಯೇ ಕೈಗವಸಿಗೆ ಬೇರೆ ತಗಡು ಕೊರೆದು ನನ್ನ ಮೇಜಿನ ಮೇಲಿಟ್ಟು ಸೂಪು ಕುಡಿಯಲು ಕೆಳಗೆ ಇಳಿದುಹೋದಳು.

ಕೆಲಸ ಹೋದರೆ ಹೋಗಲಿ. ಅವರು ಯಾವುದೋ ಆಸ್ಪತ್ರೆಯಲ್ಲಿ ಹೆಸರು ಹೇಳಲಾಗದೆ ಮಲಗಿದ್ದರೆ... ಯಾರಾದರೂ ಈ ಕ್ಯಾಟಲಾಗನ್ನು ಮಂಚದ ಪಕ್ಕ ಬಿಟ್ಟುಹೋದರೆ... ಹಾಳೆ ತಿರುಗಿಸಿದರೆ ಗೊತ್ತಾಗುತ್ತದೆ ಅವರಿಗೆ. ಅವರೊಬ್ಬರಿಗೆ.

ಬಣ್ಣ ಕಲಸಿದ್ದೇನೆ. ತಗಡು ಇಟ್ಟೆ. ಮೆಟ್ಟಿಲ ಮೇಲೆ ಮದಾಮ್‌ ಹೆಜ್ಜೆ. ಮೊದಲ ಹಾಳೆ, ನಿಂಬೆ—