ಮೇಲಿನ ಬಟ್ಟಲು

ಅಕ್ಕನಿಗೆ,

ಸುಖವಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಕಳ್ಳಸಾಗಣೆಯಲ್ಲಿ ಸಿಕ್ಕ ಕಾಡುಹಕ್ಕಿಗಳನ್ನು ನೋಡಿಕೊಳ್ಳುವ ಕೆಲಸವೆಂದು ಹೇಳಿದ್ದೆನಲ್ಲ. ಒಂದೇ ದೊಡ್ಡ ಪಂಜರದಲ್ಲಿ ಎರಡು ಜಾತಿಗಳಿವೆ. ಪಚ್ಚೆ ರೆಕ್ಕೆಯ ಪುಟ್ಟ ಬೆಳವಗಳು ನೆಲದಲ್ಲಿ ಓಡಾಡುತ್ತ ಕಾಳು ಹೆಕ್ಕುತ್ತವೆ. ಬೂದುಬಣ್ಣದ ದಪ್ಪ ಪಾರಿವಾಳಗಳು ಮೇಲಿನ ಕೊಂಬೆ ಬಿಟ್ಟು ಇಳಿಯುವುದೇ ಇಲ್ಲ. ನಾನು ಎರಡಕ್ಕೂ ಕಾಳನ್ನೇ ಇಟ್ಟೆ. ಮೇಲೆ ಕಟ್ಟಿದ್ದ ಬಟ್ಟಲು ದಿನವೂ ಖಾಲಿಯಾಗುತ್ತಿತ್ತು. ಹನ್ನೊಂದು ದಿನ "ಚೆನ್ನಾಗಿ ತಿಂದಿವೆ" ಎಂದು ಪುಸ್ತಕದಲ್ಲಿ ಬರೆದೆ. ಆದರೆ ಈ ಜಾತಿಯ ಪಾರಿವಾಳಗಳು ಹಣ್ಣನ್ನು ಇಡಿಯಾಗಿ ನುಂಗಿ ಬದುಕುವ ಹಕ್ಕಿಗಳು. ಹಣ್ಣು ಹುಡುಕುತ್ತ ಕಾಳನ್ನೆಲ್ಲ ಕೆದರಿ ಕೆಳಗೆ ಚೆಲ್ಲುತ್ತಿದ್ದವು. ಅದನ್ನು ತಿಂದು ಬೆಳವಗಳು ಗುಂಡಗಾದವು.

ಆಮೇಲೆ ಅವು ಒಂದೊಂದಾಗಿ ಸಾಯತೊಡಗಿ, ನಿನ್ನೆ ಐದನೆಯ ಪಾರಿವಾಳವೂ ಸತ್ತಿತು. ಎತ್ತಿಕೊಂಡರೆ ಕೈಗೆ ಸಿಕ್ಕಿದ್ದು ಬರೀ ಎದೆಮೂಳೆ. ಪಂಜರ ತೊಳೆಯುವ ಅಜ್ಜಿ, "ಬಟ್ಟಲು ನೋಡ್ದೆ, ಹಕ್ಕಿ ನೋಡ್ಲಿಲ್ವಲ್ಲಮ್ಮಾ ನೀನು" ಎಂದರು.

"ನೀವಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಅಜ್ಜಿ?"

"ದಿನಾ ಅಷ್ಟು ನೀಟಾಗಿ ಬರೀತಿದ್ದೆ. ಎಲ್ಲಾ ಗೊತ್ತಿದ್ದೇ ಬರೀತಾಳೆ ಅಂದ್ಕೊಂಡೆ ಕಣೇ."

ನನ್ನ ಕೆಮ್ಮು ವಾಸಿಯಾಗಿದೆ, ಮಾತ್ರೆ ಕಳಿಸಬೇಡ. ಇಂದು ಬೆಳಿಗ್ಗೆ ಅತ್ತಿಹಣ್ಣು ತಂದಿಟ್ಟೆ. ಉಳಿದ ಎರಡು ಪಾರಿವಾಳಗಳಲ್ಲಿ ಒಂದಂತೂ ಕಣ್ಣೇ ತೆರೆಯಲಿಲ್ಲ. ಇನ್ನೊಂದು ಹಣ್ಣನ್ನು ಕೊಕ್ಕಿನಲ್ಲಿ ಹಿಡಿಯಿತು, ನುಂಗುವಷ್ಟು ಶಕ್ತಿಯಿಲ್ಲದೆ ಬಿಟ್ಟುಬಿಟ್ಟಿತು. ಈಗ ಹಣ್ಣು ಕಿವುಚಿ ಬೆರಳಿನಿಂದ ಅದರ ಬಾಯಿಗೆ ಇಡಬೇಕು, ಹೋಗುತ್ತೇನೆ. ಬದುಕುತ್ತದೆಂದು ನನಗೆ ಅನ್ನಿಸುತ್ತಿಲ್ಲ. ಅಮ್ಮ ಕೇಳಿದರೆ ಹಕ್ಕಿಗಳೆಲ್ಲ ಚೆನ್ನಾಗಿವೆ ಎನ್ನು.

ನಿನ್ನ ತಂಗಿ