ಡಬ್ಬಿಯ ಪುಸ್ತಕದಲ್ಲಿ ಮೂರನೆಯ ಹೆಸರು

ಕ್ರಿ.ಶ. ೨೨೪೧, ಫೆಬ್ರವರಿ ಮೂವತ್ತೊಂದು
ಕೊಪ್ಪಳದ ಮೇಲುಗುಡ್ಡ

ಎರಡು ಶತಮಾನಗಳ ಹಿಂದೆ, ಮಕ್ಕಳೊಡನೆ ಬಂಡೆಯ ಸಂದಿಯಲ್ಲಿ ಡಬ್ಬಿ ಅಡಗಿಸಲು ಹೊರಟಿರುವ ಮಹನೀಯರೇ, ಕೇಳಿರಿ!

ತಾರೀಖು ಕಂಡು ನಗಬೇಡಿ. ಋತುಗಳು ಕೈಬಿಟ್ಟ ಮೇಲೆ ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೊಂದೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಚೆನ್ನವೀರನೆಂಬ ನಾನು ನಾಟಕ ಕಂಪನಿಯ ಗುಡಾರದಲ್ಲಿ ಹುಟ್ಟಿದವನು. ಕೊನೆಯ ಸಾಲಿನವನಿಗೂ ಮುಟ್ಟುವಂತೆ ಬರೆಯುವುದು ಅಭ್ಯಾಸ.

ಯಾರೋ ಅಡಗಿಸಿದ ಡಬ್ಬಿಯನ್ನು ಜಾಗದ ಅಂಕಿ ಹಿಡಿದು ಹುಡುಕುವ ಈ ಆಟವನ್ನು ನೀವು ಜಿಯೋಕ್ಯಾಶಿಂಗ್ ಎನ್ನುತ್ತೀರಂತೆ. ನಾವು ಡಬ್ಬಿನಡಿಗೆ ಎನ್ನುತ್ತೇವೆ. ನನ್ನ ಹೆಂಡತಿ ಪಾರವ್ವ ಬಿಸಿಜ್ವರದಲ್ಲಿ ತೀರಿಕೊಂಡ ಮೇಲೆ, ಒಂಬತ್ತು ವರ್ಷದ ಮಗಳು ನೀಲಾ ಮತ್ತು ನಾನು ಗೋಡೆ ನೋಡುತ್ತ ಕೂರುತ್ತಿದ್ದೆವು. ಏನಾದರೂ ಮಾಡಬೇಕಲ್ಲ ಎಂದು ಇದನ್ನು ಹಿಡಿದೆವು. ಬೇಕಾದದ್ದು ಹೆಚ್ಚಿಲ್ಲ: ಗಟ್ಟಿ ಚಪ್ಪಲಿ, ನೀರು, ಪೆನ್ಸಿಲ್, ಡಬ್ಬಿಯಲ್ಲಿಡಲು ಒಂದು ಆಟಿಕೆ, ಮತ್ತೆ ನೆಲಗಿಳಿ. ನೆಲಗಿಳಿ ಎಂದರೆ ಅಂಗೈಯಗಲದ ಯಂತ್ರ. ನಿಂತ ಜಾಗದ ಅಂಕಿಗಳನ್ನು ಗಿಳಿಯಂತೆ ಒದರುತ್ತದೆ. ಡಬ್ಬಿಗೆ ಇಪ್ಪತ್ತು ಹೆಜ್ಜೆ ಇರುವಾಗ ಸುಮ್ಮನಾಗುತ್ತದೆ. ಆಮೇಲೆ ಕಣ್ಣೇ ಗತಿ. ಮೊದಲ ದಿನ ನಾನು ಎತ್ತರದ ಬಂಡೆಗಳನ್ನೇ ಹುಡುಕಿದೆ. ನೀಲಾ ಮೊಣಕಾಲೂರಿ, ಕಲ್ಲಿನ ಕೆಳಗೆ ಕೈಹಾಕಿ ಡಬ್ಬಿಯನ್ನು ಎಳೆದಳು.

ಒಳಗಿನ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಕಾಲದ ಕೈಬರಹವಿತ್ತು: ಇಲ್ಲಿಗೆ ಬಂದವರು ಮಾತ್ರ ಹೆಸರು ಬರೆಯಿರಿ. ನಿಮಗದು ಆಟದ ನಿಯಮ, ನಮಗೆ ಹಾಗಲ್ಲ. ಐದು ವರ್ಷದ ಹಿಂದೆ ಕಡಲ ನೀರೇರಿದಾಗ ಚದುರಿಹೋದ ಮನೆಯವರು ಯಾರು ಬದುಕಿದ್ದಾರೆಂದು ತಿಳಿಯಲು ನಮಗೆ ಉಳಿದಿರುವುದು ಈ ಪುಸ್ತಕಗಳೇ. ಹೆಸರುಗಾರರು ಗುಡ್ಡಗುಡ್ಡ ಅಲೆದು, ಹೊಸ ಹೆಸರುಗಳನ್ನು ಊರುಸಮೇತ ಬರೆದುಕೊಂಡು ರೇಡಿಯೋದಲ್ಲಿ ಓದಿಸುತ್ತಾರೆ.

ನಾನು ನಮ್ಮಿಬ್ಬರ ಹೆಸರು ಬರೆದೆ.

“ಅವ್ವನ ಹೆಸರ ಬಿಟ್ಟಿಯಲ್ಲಪ್ಪಾ,” ಎಂದಳು ನೀಲಾ.

ಅದನ್ನೂ ಬರೆದುಬಿಟ್ಟೆ. ನಿಯಮ ಗೊತ್ತಿತ್ತು. ಆ ಹೊತ್ತಿಗೆ ಅದು ದೊಡ್ಡದೆನಿಸಲಿಲ್ಲ, ಯಾವುದೂ ದೊಡ್ಡದೆನಿಸುತ್ತಿರಲಿಲ್ಲ.

ನಲವತ್ತು ದಿನಗಳ ಮೇಲೆ ಪಾರವ್ವನ ತಾಯಿ ದ್ಯಾಮವ್ವ ಬಾಗಿಲಲ್ಲಿ ನಿಂತಿದ್ದಳು. ಕರಾವಳಿಯ ಉಪ್ಪಿನ ಶಿಬಿರದಿಂದ ನಡೆದೇ ಬಂದಿದ್ದಳು. ಐದು ವರ್ಷದಿಂದ ಒಬ್ಬರಿಗೊಬ್ಬರು ಸತ್ತಂತೆಯೇ ಇದ್ದೆವು.

“ಏನೋ ಅಳಿಯಾ, ಇನ್ನೂ ರಾಜನ ಪಾರ್ಟ ಮಾಡ್ತಿಯೋ, ದುಡೀತಿಯೋ? ರೇಡಿಯೋದಾಗ ನಿಮ್ಮ ಹೆಸರ ಕೇಳಿದೆ, ಎದ್ದ ಬಂದೆ. ಕರಿಯೋ ನನ್ನ ಮಗಳನ್ನ. ಅಕಿಗಂತ ಹಾಗಲಕಾಯಿ ಒಣಗಿಸಿ ತಂದೀನಿ.”

ಸಾವಿರ ಜನರೆದುರು ಪುತ್ರಶೋಕ ಗರ್ಜಿಸಿದವನು ನಾನು, ಮಣೆ ತರುವ ನೆಪದಲ್ಲಿ ಒಳಗೆ ತಿರುಗಿದೆ. ಹೇಳಿದವಳು ನೀಲಾ.

“ನಾನಽ ಬರೆಸಿದೆ, ಅಜ್ಜಿ. ಅವ್ವ ಇಲ್ಲ.”

ದ್ಯಾಮವ್ವ ಗಂಟು ಕೆಳಗಿಟ್ಟಳು. ಅಳಲಿಲ್ಲ. ನೀರು ಕೇಳಿ ಕುಡಿದಳು. ಮರುದಿನ ಮೂವರೂ ಗುಡ್ಡ ಹತ್ತಿದೆವು. ತಪ್ಪು ಹೆಸರನ್ನು, ಬರೆದವನೇ ಅಲ್ಲಿಯೇ ನಿಂತು ಗೆರೆಯೆಳೆದು ಹೊಡೆದುಹಾಕಬೇಕು, ಅದು ನಮ್ಮ ಕಟ್ಟಳೆ. ಓದು ಬಾರದ ದ್ಯಾಮವ್ವ, ಯಾವುದು ಮಗಳ ಹೆಸರೆಂದು ಕೇಳಿ ಅದರ ಮೇಲೆ ಹೆಬ್ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಇದೊಂದು ಇರಲಿ ಬಿಡು ಎನ್ನುವಳೆಂದು ನಾನು ಕಾದೆ.

“ಹೊಡಿ,” ಎಂದಳು. “ಅಕಿ ತಮ್ಮನೂ ಎಲ್ಲೋ ಅದಾನ. ಅವನೂ ನಡ್ಕೊಂಡ ಬರೂದ ಬ್ಯಾಡ.”

ಹೊಡೆದೆ. ಗೆರೆ ನೆಟ್ಟಗೆ ಬಂತು. ನನಗೆ ಏನೂ ಅನ್ನಿಸಲಿಲ್ಲ. ಅದನ್ನೂ ನಿಮಗೆ ತಿಳಿಸಬೇಕೆನಿಸಿತು.

ಆದ್ದರಿಂದ ಒಂದು ಬಿನ್ನಹ. ನೀವು ಇನ್ನೂ ಮುಚ್ಚಳ ಹಾಕಿರದಿದ್ದರೆ, ಆ ಪುಸ್ತಕದ ಹಿಂದಿನಿಂದ ಒಂದು ಹಾಳೆ ಬಿಡಿ. ಅದರ ನೆತ್ತಿಯ ಮೇಲೆ, “ಬರಲಾಗದವರು” ಎಂದು ಬರೆಯಿರಿ. ಅಷ್ಟು ಸಾಕು. ಹೆಸರುಗಳನ್ನು ನಾವು ತುಂಬಿಕೊಳ್ಳುತ್ತೇವೆ.