ಅರ್ಧ ಶಕ್ತಿ ಬ್ಯಾಟರಿಯೊಳಗೇ

ಮಾರ್ಚ್ ಒಂಬತ್ತು, ಸೋಮವಾರ

ಮದುವೆಯಾಗಿ ನಲವತ್ತೊಂದು ದಿನ. ಇಷ್ಟು ದಿನ ಈ ಡೈರಿ ತುಂಬ ಇವನ ನಗು, ಇವನ ಗುಂಗುರು ಕೂದಲು, ಬರೀ ಇವನೇ. ಇವತ್ತು ನಮ್ಮ ಕಾರ್ಖಾನೆಯ ಮೇಸ್ತ್ರಿಯ ಕೈಗಳ ಬಗ್ಗೆ ಬರೆಯಬೇಕಾಗಿದೆ. ಎರಡೂ ಅಂಗೈ ಸುಟ್ಟುಹೋಗಿವೆ.

ತಪ್ಪು ನನ್ನದೇ. ನಮ್ಮ ಟೆಸ್ಟಿಂಗ್ ಶೆಡ್ಡಿನ ಇಪ್ಪತ್ತು ಬ್ಯಾಟರಿಗಳನ್ನೂ ಕಾಲೇಜಿನಲ್ಲಿ ಕಲಿತಂತೆ ಒಂದೇ ವಿದ್ಯುತ್ ಮೂಲ, ಅದರೊಳಗೆ ಕರೆಂಟನ್ನು ತಡೆಯುವ ಒಂದೇ ಒಳರೋಧ ಎಂದು ಕಾಗದದ ಮೇಲೆ ಇಳಿಸಿದೆ. ಕರೆಂಟು ಎಳೆಯುವ ಹೊರಗಿನ ಲೋಡನ್ನು ಆ ಒಳರೋಧಕ್ಕೇ ಸಮ ಮಾಡಿದೆ. ಹಾಗೆ ಮಾಡಿದರೆ ಲೋಡಿಗೆ ಗರಿಷ್ಠ ಶಕ್ತಿ ಸಿಗುತ್ತದೆ, ನಿಜ. ಆದರೆ ಅಷ್ಟೇ ಶಕ್ತಿ ಬ್ಯಾಟರಿಯೊಳಗೂ ಶಾಖವಾಗುತ್ತದೆ. ಅದು ಪರೀಕ್ಷೆಯಲ್ಲಿ ನೆನಪಿತ್ತು, ಇವತ್ತು ನೆನಪಾಗಲಿಲ್ಲ. ಅದೇ ಶೆಡ್ಡಿನಲ್ಲಿ ನನ್ನ ಲೆಕ್ಕ ಪರಿಶೀಲಿಸಬೇಕಾದ ಇವನು ಹಾಳೆ ನೋಡದೆ, ನನ್ನ ಮುಖ ನೋಡುತ್ತ ಸಹಿ ಹಾಕಿದ. ಆಗ ನನಗೆ ಎಷ್ಟು ಖುಷಿಯಾಗಿತ್ತು.

“ಏನೋ ವಾಸನೆ ಬರ್ತಿದೆಯಲ್ಲ ಮೇಡಂ,” ಎಂದ ಮೇಸ್ತ್ರಿ. “ಹೊಸ ಮದುಮಗಳ ಸೆಂಟ್ ಇರ್ಬೇಕು ಬಿಡಿ,” ಎಂದು ತಾನೇ ನಗುತ್ತ ವೈರು ಬಿಚ್ಚಲು ಬಗ್ಗಿದ. ಅಷ್ಟರಲ್ಲಿ ಕಾದಿದ್ದ ಒಂದು ಬ್ಯಾಟರಿ ಸಿಡಿಯಿತು.

ಮ್ಯಾನೇಜರ್ “ಯಾರದ್ದು ಈ ಲೆಕ್ಕ?” ಎಂದು ಕೇಳಿದಾಗ ಇವನು “ನಂದೇ ಸಾರ್” ಎಂದುಬಿಟ್ಟ. ನಾಳೆ ಇವನ ಕೆಲಸ ಹೋಗುತ್ತದೆ. ಮನೆಗೆ ಬಂದ ಮೇಲೆ, “ನೀನು ಬಾಯಿ ಬಿಡ್ಬೇಡ ಕಣೇ, ಇಬ್ರೂ ಯಾಕೆ ಬೀದಿಗೆ ಬರ್ಬೇಕು,” ಎಂದ.

ಇವನು ತಪ್ಪು ಒಪ್ಪಿಕೊಂಡಾಗ ನನಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಒಂದು ಕ್ಷಣ ಮೇಸ್ತ್ರಿಯ ನರಳಾಟವೂ ಕೇಳಿಸಲಿಲ್ಲ. ಇದನ್ನು ಇವನಿಗೆ ಹೇಗೆ ಹೇಳಲಿ? ಬೆಳಗ್ಗೆ ಇವನಿಗಿಂತ ಮೊದಲು ನಾನೇ ಹೋಗಿ, ಮ್ಯಾನೇಜರ್ ಮುಂದೆ ನಿಂತು, “ಆ ಲೆಕ್ಕ ನಂದು ಸಾರ್” ಎಂದು…